ಸೊರಬ ಸೀಮೆಯ ಕಲ್ಲುಗಳನ್ನು ಓದುವ ಬಗೆ

ಸೊರಬ ತಾಲೂಕಿನ ಹೊಸಬಾಳೆಯ ಸುತ್ತಿನ ನಾಲ್ಕಾರು ಊರು ತಿರುಗಿದರೆ ಕೆರೆ ಏರಿಯ ಮೇಲೋ, ಗದ್ದೆಯ ಬದುವಿನಲ್ಲೋ, ಚೌಡಿ ಬನದೊಳಗೋ, ಈಶ್ವರ ಗುಡಿಯ ಹಿಂಗೋಡೆಗೆ ಒರಗಿಯೋ ಕೆತ್ತನೆಯ ಕಲ್ಲುಗಳು ಕಣ್ಣಿಗೆ ಬೀಳುತ್ತವೆ. ಬೆಂಗಳೂರಿನಲ್ಲಿ ಹುಟ್ಟಿ ಮೈಸೂರು ಸಂಸ್ಥಾನದ ಶಾಸನಗಳನ್ನು ಕಲೆಹಾಕಿದ ಬಿ.ಎಲ್. ರೈಸ್ ಅವರು ಶಿಕಾರಿಪುರ ತಾಲೂಕಿನ ಶಾಸನಗಳನ್ನು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೇ ಸಂಪುಟದಲ್ಲಿಯೂ ಸೊರಬದವನ್ನು 1904ರಲ್ಲಿ ಎಂಟನೇ ಸಂಪುಟದಲ್ಲಿಯೂ ಅಚ್ಚು ಹಾಕಿಸಿದರು. ಒಂದೊಂದು ತಾಲೂಕಿಗೂ ನೂರಾರು ಶಾಸನ. ಅಕ್ಷರವಿಲ್ಲದೆ ಬರೀ ಚಿತ್ರವಿರುವ ಕಲ್ಲುಗಳು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಇಂಥ ಕಲ್ಲಿನ ಮುಂದೆ ನಿಂತವರು ‘ಹಳಗನ್ನಡ ನಮಗೆಲ್ಲಿ ಬರುತ್ತದೆ’ ಎಂದು ಮುಂದಕ್ಕೆ ನಡೆದುಬಿಡುತ್ತಾರೆ. ಅಕ್ಷರ ಬಾರದಿದ್ದರೂ ಓದುವುದಕ್ಕೆ ಬೇಕಾದಷ್ಟು ಇರುತ್ತದೆ. ಕಲ್ಲು ಯಾವ ಜಾತಿಯದು, ಉಳಿ ಎಷ್ಟು ಆಳ ಹೋಗಿದೆ, ಚಿತ್ರಗಳನ್ನು ಯಾವ ಕ್ರಮದಲ್ಲಿ ಇಟ್ಟಿದ್ದಾರೆ, ಕಲ್ಲು ಯಾವ ಕಡೆಗೆ ಮುಖ ಮಾಡಿ ನಿಂತಿದೆ ಎಂಬುದೆಲ್ಲ ಮಾತಾಡುತ್ತದೆ. ಅದನ್ನು ಹೇಗೆ ಮಾಡಿದರೆಂದು ಗೊತ್ತಾದರೆ ಏಕೆ ಮಾಡಿದರೆಂಬುದು ಬಹುಪಾಲು ಬಿಡಿಸಿಕೊಳ್ಳುತ್ತದೆ ಎಂಬುದು ನನ್ನ ನಂಬಿಕೆ. ಈ ಬರಹ ಆ ಕೆಲಸಕ್ಕೆ.

ಕುಲುಮೆ ಮೊದಲು, ಕೆತ್ತನೆ ಆಮೇಲೆ

ಶಿಕಾರಿಪುರದ ಗಡಿಯಾಚೆ, ಹಾವೇರಿ ಜಿಲ್ಲೆಯ ತುಂಗಭದ್ರೆಯ ದಂಡೆಯ ಮೇಲೆ ಹಳ್ಳೂರು ಇದೆ. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಅಲ್ಲಿನ ದಿಬ್ಬವನ್ನು ಅಗೆಸಿದಾಗ ಕೆಳಗಿನ ಪದರಗಳಲ್ಲಿ ಉಜ್ಜಿ ನುಣುಪು ಮಾಡಿದ ಕಲ್ಲುಕೊಡಲಿಗಳು, ಮೇಲಿನ ಪದರದಲ್ಲಿ ಕಬ್ಬಿಣದ ಬಾಣದ ಮೊನೆಗಳು ಮತ್ತು ಕಪ್ಪು-ಕೆಂಪು ಮಡಕೆಗಳು ಸಿಕ್ಕವು. ಕಬ್ಬಿಣ ಸಿಕ್ಕ ಪದರ ಕ್ರಿ.ಪೂ. 1000ದ ಆಸುಪಾಸಿನದೆಂದು ಇಂಗಾಲದ ಪರೀಕ್ಷೆ ತೋರಿಸಿತು. ದಕ್ಷಿಣ ಭಾರತದಲ್ಲಿ ಕಬ್ಬಿಣ ಸಿಕ್ಕ ಅತಿ ಹಳೆಯ ನೆಲೆಗಳ ಸಾಲಿಗೆ ಹಳ್ಳೂರು ಸೇರಿದ್ದು ಹೀಗೆ.

ಆ ಮಡಕೆಯ ಬಾಯಿ ಮತ್ತು ಒಳಮೈ ಕಪ್ಪು, ಹೊಟ್ಟೆಯ ಹೊರಮೈ ಕೆಂಪು. ಇದು ಬಣ್ಣ ಬಳಿದದ್ದಲ್ಲ, ಬೆಂಕಿಯ ಕೆಲಸ. ಹೆಚ್ಚು ಜನ ಒಪ್ಪಿರುವ ವಿವರಣೆಯಂತೆ ಕುಂಬಾರ ಹಸಿ ಮಡಕೆಯನ್ನು ಬೋರಲು ಹಾಕಿ, ಬಾಯನ್ನು ಬೂದಿಯಲ್ಲೋ ಹೊಟ್ಟಿನಲ್ಲೋ ಹೂಳಿ ಸುಡುತ್ತಿದ್ದ. ಹೊರಮೈಗೆ ಗಾಳಿ ತಾಗುವುದರಿಂದ ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಕೆಂಪಗಾಗುತ್ತದೆ. ಗಾಳಿ ಸಿಗದ ಒಳಗಡೆ ಮಸಿ ಹಿಡಿದು ಕಪ್ಪಾಗುತ್ತದೆ. ಎರಡು ಬಣ್ಣ ಸೇರುವ ಗೆರೆ ಮಡಕೆಯಿಂದ ಮಡಕೆಗೆ ಬೇರೆಯಾಗಿರುವುದೂ ಇದರಿಂದಲೇ. ಬೂದಿ ಎಲ್ಲಿಯವರೆಗೆ ಏರಿತ್ತೋ ಅಲ್ಲಿಯವರೆಗೆ ಕಪ್ಪು. ಮಲೆನಾಡಿನಲ್ಲಿ ಅಡಿಪಾಯ ತೋಡುವಾಗ ಇಂಥ ಬೋಕಿ ಸಿಕ್ಕರೆ ಅದನ್ನು ಎಸೆಯಬಾರದು. ಆ ನೆಲದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಜನ ಇದ್ದರೆಂಬುದಕ್ಕೆ ಅದು ಸಾಕ್ಷಿಯಾಗಿರಬಹುದು.

ಆ ಕಾಲದ ಜನ ಬಂಡೆಗಳನ್ನು ನಿಲ್ಲಿಸಿದರು, ಕೆತ್ತಲಿಲ್ಲ. ನಮ್ಮ ಶಿವಮೊಗ್ಗ ಜಿಲ್ಲೆಯದೇ ಹೊಸನಗರ ತಾಲೂಕಿನ ನಿಲಸ್ಕಲ್‌ನಲ್ಲಿ ಅಂಥ ಎತ್ತರದ ಒರಟು ನಿಲುಗಲ್ಲುಗಳು ಇಂದಿಗೂ ಇವೆ. ಗಟ್ಟಿ ಕಲ್ಲಿನ ಮೇಲೆ ನವಿರಾಗಿ ಕೆಲಸ ಮಾಡಬೇಕೆಂದರೆ ಉಳಿಯ ಮೊನೆ ಉಕ್ಕಾಗಿರಬೇಕು. ಕಬ್ಬಿಣವನ್ನು ಇದ್ದಿಲಿನಲ್ಲಿ ಮತ್ತೆಮತ್ತೆ ಕಾಯಿಸಿ, ಬಡಿದು, ನೀರಿಗೆ ಅದ್ದಿ ಹದ ಮಾಡಿದಾಗ ಮೊನೆ ಗಡುಸಾಗುತ್ತದೆ. ಆ ಮೊನೆಯೂ ಕೆಲಸ ಮಾಡುತ್ತಾ ಮೊಂಡಾಗುವುದರಿಂದ ಕಲ್ಲುಕುಟಿಗರ ಪಕ್ಕದಲ್ಲೇ ಕುಲುಮೆ ಬೇಕು. ಹಾಗಾಗಿ ಶಿಲ್ಪಿಯ ಚರಿತ್ರೆ ಬರೆಯುವವರು ಕಮ್ಮಾರನನ್ನು ಬಿಟ್ಟರೆ ಅರ್ಧ ಚರಿತ್ರೆ ಬರೆದಂತೆ.

ಕಂಬ ಮತ್ತು ಅಕ್ಷರ

ಈ ಸೀಮೆಯಲ್ಲಿ ಅಕ್ಷರ ಕಲ್ಲಿಗೆ ಇಳಿದದ್ದು ಕಂಬಗಳ ಮೇಲೆ. ಶಿಕಾರಿಪುರ ತಾಲೂಕಿನ ಮಳವಳ್ಳಿಯಲ್ಲಿ ಆರು ಮುಖದ ಕಂಬವೊಂದಿದೆ. ಅದರ ಮೇಲೆ ಎರಡು ಪ್ರಾಕೃತ ಶಾಸನಗಳಿವೆ. ಮೊದಲನೆಯದು ಬನವಾಸಿಯಿಂದ ಆಳಿದ ಚುಟು ಮನೆತನದ ಸಾತಕರ್ಣಿಯದು, ಎರಡನೆಯದು ಮುಂದೆ ಬಂದ ಕದಂಬ ಅರಸನದು. ಹಿಂದಿನ ದತ್ತಿ ನಿಂತುಹೋದದ್ದನ್ನು ಕದಂಬರು ಮತ್ತೆ ನಡೆಸಿಕೊಟ್ಟರು. ಬೇರೆ ಕಂಬ ನೆಡದೆ ಅದೇ ಕಂಬದ ಮೇಲೆ ಬರೆಸಿದರು. ಹಳೆಯ ಬರಹವನ್ನು ಅಳಿಸದೆ ಅದರ ಕೆಳಗೆ ತಮ್ಮದನ್ನು ಸೇರಿಸಿದ ಆ ನಡತೆ ನನಗೆ ತುಂಬ ಹಿಡಿಸುತ್ತದೆ.

ವರದೆಯ ದಂಡೆಯ ಬನವಾಸಿಯಲ್ಲಿ, ಮಧುಕೇಶ್ವರ ದೇವಾಲಯದ ಆವರಣದಲ್ಲಿ ಅದೇ ಚುಟು ಕಾಲದ ಐದು ಹೆಡೆಯ ನಾಗಶಿಲ್ಪವಿದೆ. ರಾಜಕುಮಾರಿ ಶಿವಸ್ಕಂದನಾಗಶ್ರೀ ನಾಗವನ್ನೂ ಕೆರೆಯನ್ನೂ ವಿಹಾರವನ್ನೂ ಕೊಟ್ಟಳೆಂದು ಅದರ ಮೇಲೆ ಬರೆದಿದೆ. ಅದಕ್ಕಿಂತ ದೊಡ್ಡ ಮಾತೆಂದರೆ ನಾಗವನ್ನು ಮಾಡಿದವನ ಹೆಸರೂ ಅಲ್ಲಿದೆ: ನಟಕ. ಅವನ ಗುರುವಿನ ಹೆಸರೂ ಉಂಟು. ಅಷ್ಟು ಹಿಂದೆಯೇ ಕೆತ್ತುವವನು ಗುರುವಿನ ಬಳಿ ಕಲಿತು ಹೆಸರು ಹಾಕಿಕೊಳ್ಳುವ ಕಸುಬುದಾರನಾಗಿದ್ದ.

ಇನ್ನು ತಾಳಗುಂದ. ಶಿರಾಳಕೊಪ್ಪದ ಹತ್ತಿರದ ಈ ಊರಿನ ಪ್ರಣವೇಶ್ವರ ಗುಡಿಯ ಮುಂದಿನ ಎಂಟು ಮುಖದ ಕಂಬದಲ್ಲಿ ಕದಂಬರ ವಂಶದ ಕಥೆ 34 ಸಂಸ್ಕೃತ ಪದ್ಯಗಳಲ್ಲಿದೆ. ಕಂಚಿಗೆ ಓದಲು ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು ನಮಗೆ ತಿಳಿದಿರುವುದು ಈ ಕಂಬದಿಂದ. ಐದನೇ ಶತಮಾನದ ನಡುವೆ, ಶಾಂತಿವರ್ಮನ ಕಾಲದಲ್ಲಿ, ಕವಿ ಕುಬ್ಜ ಇದನ್ನು ರಚಿಸಿ ತಾನೇ ಕಲ್ಲಿನ ಮೇಲೆ ಬರೆದ.

ಕಂಬದ ಮುಂದೆ ನಿಂತರೆ ಸಾಲುಗಳು ಅಡ್ಡಕ್ಕಿಲ್ಲ, ಉದ್ದಕ್ಕಿವೆ. ಬುಡದಿಂದ ತುದಿಗೆ ಏರುತ್ತವೆ. ಏಳು ಮುಖಗಳಲ್ಲಿ ಎರಡೆರಡು ಸಾಲು, ಎಂಟನೆಯದರಲ್ಲಿ ಒಂದು ಚಿಕ್ಕ ಸಾಲು. ಇದರಲ್ಲಿ ಕೆಲಸಗಾರನ ಲೆಕ್ಕಾಚಾರ ನನಗೆ ಕಾಣುತ್ತದೆ. ಕಂಬದ ಒಂದೊಂದು ಮುಖವೂ ಕಿರಿದು. ಅಡ್ಡ ಬರೆದರೆ ನಾಲ್ಕಾರು ಅಕ್ಷರಕ್ಕೆ ಸಾಲು ಮುರಿದು ಪದ್ಯದ ಓಟ ಕೆಡುತ್ತದೆ. ಉದ್ದಕ್ಕೆ ಬರೆದರೆ ಛಂದಸ್ಸು ತುಂಡಾಗುವುದಿಲ್ಲ. ಅಕ್ಷರಗಳ ತಲೆಯ ಮೇಲಿನ ಪುಟ್ಟ ಚೌಕಗಳನ್ನೂ ಗಮನಿಸಬೇಕು. ಲಿಪಿತಜ್ಞರು ಇದನ್ನು ಪೆಟ್ಟಿಗೆ ತಲೆಯ ಲಿಪಿ ಎನ್ನುತ್ತಾರೆ. ಲೇಖನಿಯಲ್ಲಿ ಒಂದು ಚುಕ್ಕೆಯಲ್ಲಿ ಮುಗಿಯುವ ಈ ತಲೆಗೆ ಉಳಿಯಲ್ಲಿ ಹಲವು ಏಟು ಬೇಕು. ಅಷ್ಟು ತಾಳ್ಮೆಯಿಂದ ಮಾಡಿಸಿದ್ದೆಂದರೆ ಇದು ಬರೀ ದಾಖಲೆಯಾಗಿರಲಿಲ್ಲ, ಕಣ್ಣಿಗೆ ಚೆಂದ ಕಾಣಲೆಂದೂ ಮಾಡಿದ್ದಾಗಿತ್ತು.

ಬಳಪದ ಕಲ್ಲು

ಮಲೆನಾಡಿನ ನೆಲದಲ್ಲಿ ಎಲ್ಲೆಡೆ ಸಿಗುವುದು ಜಂಬಿಟ್ಟಿಗೆ. ಗೋಡೆಗೆ ಒಳ್ಳೆಯದು, ಆದರೆ ಮೈತುಂಬ ತೂತಿರುವುದರಿಂದ ಅದರಲ್ಲಿ ಮುಖ ಮೂಡಿಸಲಾಗದು. ಕಣಶಿಲೆ ಗಟ್ಟಿ, ಅದರಲ್ಲಿ ರೇಖೆ ದಪ್ಪವಾಗಿಯೇ ಬರುತ್ತದೆ. ಕಲ್ಯಾಣ ಚಾಲುಕ್ಯರ ಕಾಲಕ್ಕೆ, ಅಂದರೆ 11ನೇ ಶತಮಾನದ ಹೊತ್ತಿಗೆ, ಹಸಿರುಗಪ್ಪಿನ ಬಳಪದ ಕಲ್ಲಿನ ಕಡೆಗೆ ಶಿಲ್ಪಿಗಳು ವಾಲಿದರು. ಗಣಿಯಿಂದ ತೆಗೆದಾಗ ಇದು ಮೆದು, ಗಾಳಿಗೆ ಒಡ್ಡಿದಷ್ಟೂ ಗಡುಸು. ಹೊಸದರಲ್ಲಿ ಕೂದಲೆಳೆಯಂಥ ಗೆರೆಯನ್ನೂ ಹಿಡಿಯುತ್ತದೆ.

ಬಳ್ಳಿಗಾವೆಯ ಕೇದಾರೇಶ್ವರದಲ್ಲಿ, ಸೊರಬ ತಾಲೂಕಿನ ಕುಬಟೂರಿನ ಕೈಟಭೇಶ್ವರದಲ್ಲಿ ಕಂಬಗಳನ್ನು ಹತ್ತಿರದಿಂದ ನೋಡಿ. ಗಂಟೆಯಾಕಾರದ ಉಬ್ಬಿನ ಮೇಲೆ ಒಂದೇ ಸಮನಾದ ಉಂಗುರದ ಗೆರೆಗಳು ಸುತ್ತುತ್ತವೆ. ಕೈಯಲ್ಲಿ ಕೆತ್ತಿದರೆ ಇಷ್ಟು ಸಮ ಬರುವುದಿಲ್ಲ. ಕಲ್ಲನ್ನು ಮೊದಲು ಒರಟಾಗಿ ಉರುಟು ಮಾಡಿಕೊಂಡು, ತಿರುಗುವಂತೆ ಕೂರಿಸಿ, ಉಳಿಯನ್ನು ಒಂದೆಡೆ ಒತ್ತಿ ಹಿಡಿದು ಕಡೆಯುತ್ತಿದ್ದರು. ತಿರುಗಣಿ ಕಂಬ ಎನ್ನುವುದು ಇವನ್ನೇ. ಆಮೇಲೆ ನೀರು ಹಾಕಿ ಉಜ್ಜಿ ಹೊಳಪು ಬರಿಸುತ್ತಿದ್ದರು.

ಬಳ್ಳಿಗಾವೆ ಆಗ ಶಿಲ್ಪಿಗಳ ದೊಡ್ಡ ನೆಲೆ. ಅಲ್ಲಿ ಚಾಮುಂಡರಾಯರಸ 1047ರಲ್ಲಿ ನಿಲ್ಲಿಸಿದ, ಸುಮಾರು 30 ಅಡಿ ಎತ್ತರದ ಗಂಡಭೇರುಂಡ ಸ್ತಂಭ ಈಗಲೂ ನಿಂತಿದೆ. ಬೇಲೂರಿನ ಚೆನ್ನಕೇಶವನ ಮದನಿಕೆಯರಲ್ಲಿ ಕೆಲವರ ಪೀಠದ ಮೇಲೆ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳಿವೆ. ಬೇಲೂರಿಗೆ ಹೋಗಿ ಬೆರಗಾಗುವ ನಮ್ಮ ಸೀಮೆಯ ಮಕ್ಕಳಿಗೆ, ಅದನ್ನು ಮಾಡಿದ ಕೈಗಳು ಶಿರಾಳಕೊಪ್ಪದ ಪಕ್ಕದಿಂದ ಹೋದವು ಎಂದು ಯಾರಾದರೂ ಹೇಳಬೇಕು.

ವೀರಗಲ್ಲು

ಅರಸರ ಕಂಬ, ದೇವರ ಗುಡಿ ಅಲ್ಲಲ್ಲಿ. ವೀರಗಲ್ಲು ಮಾತ್ರ ಊರೂರಿಗೂ ಇದೆ. ಹಳ್ಳಿಯ ದನ ಹೊಡೆದುಕೊಂಡು ಹೋದವರನ್ನು ಅಡ್ಡಗಟ್ಟಿ ಸತ್ತವನು, ಊರಿಗೆ ಮುತ್ತಿಗೆ ಬಿದ್ದಾಗ ಕಾದಿ ಮಡಿದವನು, ಹೆಂಗಸರ ಮಾನ ಕಾಯಲು ಹೋಗಿ ಅಳಿದವನು, ಹಂದಿ ಹುಲಿಯೊಡನೆ ಹೋರಾಡಿ ಬಿದ್ದವನು, ಇವರಿಗೆಲ್ಲ ಕಲ್ಲು ನಿಂತಿದೆ. ಶಾಸನಗಳು ದನಕ್ಕಾಗಿ ನಡೆದ ಕಾಳಗವನ್ನು ತುರುಗೊಳ್ ಎಂದೂ ಊರಿನ ನಾಶವನ್ನು ಊರಳಿವು ಎಂದೂ ಕರೆಯುತ್ತವೆ.

ಕೆಲಸ ಶುರುವಾಗುವುದು ಬಂಡೆಯ ಮೇಲೆ. ಸೀಳಬೇಕಾದ ಗೆರೆಯ ಉದ್ದಕ್ಕೂ ಸಾಲಾಗಿ ಗುಳಿ ತೋಡಿ, ಗುಳಿಗಳಿಗೆ ಬೆಣೆ ಹೊಡೆದು ಹಲಗೆಯನ್ನು ಬೇರ್ಪಡಿಸುತ್ತಾರೆ. ಒಡೆದ ಅಂಚಿನಲ್ಲಿ ಅರ್ಧ ಉಳಿದ ಆ ಗುಳಿಗಳು ಎಷ್ಟೋ ಕಲ್ಲುಗಳಲ್ಲಿ ಇನ್ನೂ ಕಾಣುತ್ತವೆ. ಹಿಂಬದಿಯನ್ನು ಒರಟಾಗಿಯೇ ಬಿಡುತ್ತಾರೆ, ಬುಡದಲ್ಲಿ ನೆಲದೊಳಗೆ ಹೂಳುವಷ್ಟು ಭಾಗವನ್ನೂ ಕೆತ್ತುವುದಿಲ್ಲ. ಇಂದು ಗುಡಿಯ ಪಕ್ಕದಲ್ಲಿ ಬುಡ ಪೂರ್ತಿ ಹೊರಗೆ ಕಾಣುವಂತೆ ಒರಗಿಸಿಟ್ಟ ಕಲ್ಲು ಸಿಕ್ಕರೆ ಅದು ಮೂಲ ಜಾಗದಲ್ಲಿಲ್ಲ ಎಂದು ಅಲ್ಲೇ ತಿಳಿಯಬಹುದು. ಮುಂಬದಿಯನ್ನು ಸಮ ಮಾಡಿ, ಅಡ್ಡ ಗೆರೆ ಎಳೆದು ಅಂಕಣ ಪಾಲು ಮಾಡುತ್ತಾರೆ. ಎರಡು ಅಂಕಣಗಳ ನಡುವೆ ಬಿಟ್ಟ ನಯವಾದ ಪಟ್ಟಿಯೇ ಅಕ್ಷರಕ್ಕೆ ಜಾಗ. ಚಿತ್ರವನ್ನು ಮೇಲಕ್ಕೆ ತರಲು ಅದರ ಸುತ್ತಲಿನ ಕಲ್ಲನ್ನು ತಗ್ಗಿಸಿಕೊಂಡು ಹೋಗುವುದು ಇಲ್ಲಿನ ಕ್ರಮ. ಹಾಗಾಗಿ ಅತ್ಯಂತ ಮುಂದೆ ಬಂದಿರುವ ಕುದುರೆಯ ಎದೆ ಅಥವಾ ವೀರನ ಗುರಾಣಿ ಮೊದಲಿದ್ದ ಹಲಗೆಯ ಮಟ್ಟದಲ್ಲೇ ಇರುತ್ತದೆ.

ಓದುವುದು ಕೆಳಗಿನಿಂದ. ಮೊದಲ ಅಂಕಣ ಕಾಳಗ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ದನಗಳ ಸಾಲು ಕಂಡರೆ ಅದು ತುರುಗೊಳ್. ವೀರನ ಮೇಲೆ ಛತ್ರ ಹಿಡಿದಿದ್ದರೆ ಅವನು ನಾಯಕ ವರ್ಗದವನು. ಕಾಲಾಳಾಗಿದ್ದರೆ ಬಿಲ್ಲೋ ಕತ್ತಿ ಗುರಾಣಿಯೋ ಕೈಯಲ್ಲಿರುತ್ತದೆ. ಎದುರಾಳಿಗಳು ಎಷ್ಟು ಮಂದಿ, ಯಾರು ನೆಲಕ್ಕೆ ಬಿದ್ದಿದ್ದಾರೆ ನೋಡಿ. ತಲೆಗೂದಲಿನ ಗಂಟು, ಸೊಂಟದ ಬಟ್ಟೆ, ಕುದುರೆಯ ಜೀನು, ಕತ್ತಿಯ ಬಾಗು ಇವನ್ನೆಲ್ಲ ಶಿಲ್ಪಿ ತನ್ನ ಕಾಲದಲ್ಲಿ ಕಂಡಂತೆ ಕೆತ್ತಿದ್ದಾನೆ. ಸಾಮಾನ್ಯ ಜನರ ಉಡುಗೆ ಆಯುಧಗಳ ಬಗ್ಗೆ ಇಷ್ಟು ಧಾರಾಳವಾದ ಆಧಾರ ನಮಗೆ ಬೇರೆಲ್ಲೂ ಸಿಗದು. ಎರಡನೆಯ ಅಂಕಣದಲ್ಲಿ ಅಪ್ಸರೆಯರು ವೀರನನ್ನು ಕೈಹಿಡಿದೋ ವಿಮಾನದಲ್ಲಿ ಕೂರಿಸಿಯೋ ಮೇಲಕ್ಕೆ ಒಯ್ಯುತ್ತಾರೆ. ಮೂರನೆಯದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ, ಪಕ್ಕದಲ್ಲಿ ಪೂಜೆ ಮಾಡುವವರಿದ್ದಾರೆ. ಲಿಂಗದ ಜಾಗದಲ್ಲಿ ಜಿನಬಿಂಬವಿದ್ದರೆ ಸತ್ತವನು ಜೈನ. ತೀರ ಹಳೆಯ ವೀರಗಲ್ಲುಗಳಲ್ಲಿ ಒಂದೇ ಅಂಕಣ, ಅದರಲ್ಲಿ ವೀರ ದೊಡ್ಡದಾಗಿ ಒಬ್ಬನೇ. ಅಂಕಣಗಳು ಹೆಚ್ಚಿದ್ದು, ಅಲಂಕಾರ ತುಂಬಿದ್ದು ಆಮೇಲೆ. ನಾಲ್ಕೈದು ಅಂಕಣದವೂ ಇವೆ.

ನೆತ್ತಿಯ ಮೇಲಿನ ಸೂರ್ಯ ಚಂದ್ರರನ್ನು ಬರೀ ಅಂದಕ್ಕೆ ಹಾಕಿದ್ದಲ್ಲ. ಅವರಿರುವ ತನಕ ಇದು ನಡೆಯಲಿ ಎಂಬ ಕರಾರು ಅದು. ಏನು ನಡೆಯಬೇಕು ಎಂದರೆ, ಸತ್ತವನ ಮನೆಯವರಿಗೆ ಕೊಟ್ಟ ಭೂಮಿ. ಶಾಸನಗಳಲ್ಲಿ ನೆತ್ತರುಗೊಡಗೆ ಎಂದು ಬರುವುದು ಇದೇ. ಊರಿಗಾಗಿ ರಕ್ತ ಸುರಿಸಿದವನ ಹೆಂಡತಿ ಮಕ್ಕಳಿಗೆ ಗದ್ದೆ ಕೊಟ್ಟು, ಅದನ್ನು ಎಲ್ಲರಿಗೂ ಕಾಣುವ ಹಾಗೆ ಕಲ್ಲಿನಲ್ಲಿ ಬರೆಸುತ್ತಿದ್ದರು. ಹೀಗೆ ವೀರಗಲ್ಲು ನೆನಪಿನ ಕಲ್ಲೂ ಹೌದು, ಎಷ್ಟೋ ಕಡೆ ಹಕ್ಕುಪತ್ರವೂ ಹೌದು. ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಎಂಬ ಶಾಪ ಕೊನೆಯಲ್ಲಿ ಬರುವುದೂ ಆ ಭೂಮಿಯ ಕಾವಲಿಗೆ.

ಮಾಸ್ತಿಗಲ್ಲನ್ನು ಗುರುತಿಸುವುದು ಸುಲಭ. ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಮಡಚಿ ಮೇಲೆತ್ತಿದ ತೋಳು, ಅದರ ತುಂಬ ಬಳೆ, ಕೆಲವೊಮ್ಮೆ ಬೆರಳುಗಳ ನಡುವೆ ನಿಂಬೆಹಣ್ಣು. ಗಂಡನ ಚಿತೆಯೇರಿದವಳ ಗುರುತು ಅದು. ಆ ಸಾವನ್ನು ನಾವು ಹೊಗಳಬೇಕಿಲ್ಲ. ಆ ಹೆಂಗಸು ಇದ್ದಳೆಂಬ ಏಕೈಕ ಗುರುತನ್ನು ಕಾಪಾಡಬೇಕು. ನಿಷಿಧಿಗಲ್ಲು ಬೇರೆ ಬಗೆಯ ಸಾವಿನದು. ಜೈನ ವ್ರತದಂತೆ ಅನ್ನ ನೀರು ಬಿಟ್ಟು ದೇಹ ತೊರೆದವರಿಗಾಗಿ ನಿಲ್ಲಿಸಿದ್ದು. ಶಿಕಾರಿಪುರ ತಾಲೂಕಿನ ಬಂದಳಿಕೆಯ 10ನೇ ಶತಮಾನದ ಶಾಸನವೊಂದು ಜಕ್ಕಿಯಬ್ಬೆಯ ಕಥೆ ಹೇಳುತ್ತದೆ. ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತ ನಡೆಸಿದ ಈಕೆ, ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೊಪ್ಪಿಸಿ ಬಂದಳಿಕೆಯಲ್ಲಿ ವ್ರತ ಹಿಡಿದು ದೇಹ ತೊರೆದಳು.

ಗದ್ದೆಯ ನಡುವೆ ಒಂಟಿಯಾಗಿ ನಿಂತ ಗಿಡ್ಡ ಕಲ್ಲುಗಳು ಹೆಚ್ಚಾಗಿ ಗಡಿಯವು. ಲಿಂಗಮುದ್ರೆ ಶಿವನ ಗುಡಿಯ ಭೂಮಿಗೆ, ಕೊಡೆ ಕಮಂಡಲ ಹಿಡಿದ ವಾಮನ ಬ್ರಾಹ್ಮಣರಿಗೆ ಬಿಟ್ಟ ಭೂಮಿಗೆ, ಮುಕ್ಕೊಡೆ ಬಸದಿಯ ಭೂಮಿಗೆ.

ಇಸವಿ ಕಂಡುಹಿಡಿಯುವುದು

ಶಾಸನ ಬಹುಮಟ್ಟಿಗೆ ‘ಸ್ವಸ್ತಿ’ ಎಂದು ಶುರುವಾಗಿ, ಅರಸನ ಬಿರುದುಗಳಾದ ಮೇಲೆ ಕಾಲ ಹೇಳುತ್ತದೆ. ಶಕವರ್ಷ ಓದಲು ಬಂದರೆ 78 ಕೂಡಿಸಬೇಕು. ಶಕವರ್ಷ 1079 ಎಂದರೆ ಕ್ರಿ.ಶ. 1157. ವರ್ಷ ಚೈತ್ರದಲ್ಲಿ ಶುರುವಾಗುವುದರಿಂದ ಪುಷ್ಯದ ನಡುವಿನಿಂದ ಫಾಲ್ಗುಣದವರೆಗಿನ ತಿಥಿಗಳು ಮುಂದಿನ ಇಸವಿಗೆ ಬೀಳುತ್ತವೆ. ತಾಳೆ ನೋಡಲು ಸಂವತ್ಸರದ ಹೆಸರಿದೆ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. 1079ಕ್ಕೆ 12 ಸೇರಿದರೆ 1091, ಭಾಗಿಸಿದಾಗ ಉಳಿಯುವುದು 11. ಪ್ರಭವದಿಂದ ಎಣಿಸಿದರೆ ಹನ್ನೊಂದನೆಯದು ಈಶ್ವರ. ಕಲ್ಲಿನಲ್ಲಿಯೂ ಈಶ್ವರ ಸಂವತ್ಸರವೆಂದೇ ಇದ್ದರೆ ಓದಿದ್ದು ಸರಿ. ಒಂದು ಹೆಚ್ಚು ಕಡಿಮೆ ಬಂದರೆ ಗಾಬರಿ ಬೇಡ. ಕೆಲವರು ಕಳೆದ ವರ್ಷವನ್ನು ಲೆಕ್ಕ ಹಿಡಿದರು, ಕೆಲವರು ನಡೆಯುತ್ತಿರುವ ವರ್ಷವನ್ನು. ಸಂವತ್ಸರದ ಹೆಸರಿಗೆ ಹೆಚ್ಚು ಬೆಲೆ ಕೊಡುವುದು ವಾಡಿಕೆ.

ಬನವಾಸಿ ನಾಡಿನಲ್ಲಿ ‘ಚಾಳುಕ್ಯ ವಿಕ್ರಮ ವರ್ಷ’ವೂ ಸಿಗುತ್ತದೆ. ಆರನೇ ವಿಕ್ರಮಾದಿತ್ಯ 1076ರಲ್ಲಿ ಪಟ್ಟವೇರಿ ಶಕವನ್ನು ಬದಿಗಿಟ್ಟು ತನ್ನದೇ ಎಣಿಕೆ ಶುರು ಮಾಡಿದ. ಅಲ್ಲಿ ಕೊಟ್ಟ ವರ್ಷಕ್ಕೆ 1075 ಕೂಡಿಸಿದರೆ ಇಸವಿ ಬರುತ್ತದೆ.

ಕಲ್ಲಿನ ಮುಂದೆ

ನಡುಮಧ್ಯಾಹ್ನ ಹೋದರೆ ಏನೂ ಕಾಣುವುದಿಲ್ಲ. ಬೆಳಿಗ್ಗೆ ಎಳೆಬಿಸಿಲಿಗೆ ಅಥವಾ ಸಂಜೆ ಇಳಿಬಿಸಿಲಿಗೆ ಹೋಗಿ. ಬೆಳಕು ಪಕ್ಕದಿಂದ ಬಿದ್ದಾಗ ಸವೆದ ಅಕ್ಷರದ ತಗ್ಗಿನಲ್ಲಿಯೂ ನೆರಳು ಕೂರುತ್ತದೆ. ಮರದ ನೆರಳಿನ ಕಲ್ಲಾದರೆ ಕನ್ನಡಿ ಹಿಡಿದು ಬಿಸಿಲನ್ನು ಓರೆಯಾಗಿ ಹಾಯಿಸಬಹುದು, ರಾತ್ರಿಯಾದರೆ ಟಾರ್ಚನ್ನು ಕಲ್ಲಿನ ಅಂಚಿಗೆ ತಾಗಿಸಿ ಬೆಳಕು ಬಿಡಬಹುದು. ಒಂದೇ ಕಲ್ಲಿಗೆ ಎಡದಿಂದ, ಬಲದಿಂದ, ಮೇಲಿನಿಂದ ಬೆಳಕು ಹಾಯಿಸಿ ಬೇರೆಬೇರೆ ಫೋಟೊ ತೆಗೆದರೆ ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಏಳುತ್ತದೆ.

ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತಿಕ್ಕುವುದು, ಮೊಳೆಯಿಂದ ಗೀರುವುದು, ಎಣ್ಣೆ ಸುರಿಯುವುದು ಬೇಡ. ಬಳಪದ ಕಲ್ಲಿನ ಮೇಲೆ ಹಾಕಿದ ಗೀರು ಮತ್ತೆ ಹೋಗುವುದಿಲ್ಲ, ಮುಂದಿನವರು ಅದನ್ನೇ ಅಕ್ಷರವೆಂದು ಓದುತ್ತಾರೆ. ಪುರಾತತ್ವ ಇಲಾಖೆಯವರು ಮಾಡುವುದು ಪಡಿಯಚ್ಚು. ಕಲ್ಲನ್ನು ನೀರಿನಲ್ಲಿ ತೊಳೆದು, ನೆನೆಸಿದ ಕಾಗದವನ್ನು ಹೊದಿಸಿ, ಗಟ್ಟಿ ಬ್ರಷ್ಷಿನಿಂದ ತಟ್ಟಿ ಕಾಗದ ಅಕ್ಷರದ ತಗ್ಗಿಗೆ ಇಳಿಯುವಂತೆ ಮಾಡುತ್ತಾರೆ. ಆಮೇಲೆ ಬಟ್ಟೆಯ ಉಂಡೆಯಿಂದ ಮಸಿ ತಟ್ಟಿದರೆ ಉಬ್ಬು ಕಪ್ಪಾಗಿ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಕಲ್ಲಿಗೆ ಮಸಿ ತಾಗುವುದಿಲ್ಲ. ಕೈ ಪಳಗದವರು ಇದನ್ನು ಮಾಡಬಾರದು, ಫೋಟೊ ಸಾಕು.

ನನ್ನನ್ನು ಹೆಚ್ಚು ನೋಯಿಸುವುದು ನಿಧಿಯ ಆಸೆಗೆ ಬುಡ ಅಗೆದು ಉರುಳಿಸಿದ ಕಲ್ಲುಗಳು. ದಾನಶಾಸನದ ಮೇಲೆ ಹಸು, ಕರು, ಕತ್ತಿ ಇದ್ದರೆ ಅದು ಹೂತಿಟ್ಟ ಚಿನ್ನದ ಸಂಕೇತ ಎಂಬ ಮಾತು ಊರೂರಲ್ಲಿ ಓಡಾಡುತ್ತದೆ. ಅವು ದಾನದ ಮತ್ತು ಅದರ ಕಾವಲಿನ ಚಿಹ್ನೆಗಳು, ಅಷ್ಟೆ. ಕಲ್ಲು ಕೊಟ್ಟ ಸಂಪತ್ತು ಸುತ್ತಲಿನ ಗದ್ದೆ, ಅದು ಅಂದಿನಿಂದ ಇಂದಿನವರೆಗೂ ಮೇಲೆಯೇ ಇದೆ. ಜೀರ್ಣೋದ್ಧಾರದ ಹೆಸರಿನಲ್ಲಿ ವೀರಗಲ್ಲನ್ನು ಸಿಮೆಂಟಿನಲ್ಲಿ ಕೂರಿಸುವುದು, ಎಣ್ಣೆಬಣ್ಣ ಬಳಿಯುವುದು ಒಳ್ಳೆಯ ಮನಸ್ಸಿನಿಂದಲೇ ನಡೆಯುತ್ತದೆ. ಆದರೆ ಬಣ್ಣ ಅಕ್ಷರದ ತಗ್ಗನ್ನು ತುಂಬಿಬಿಡುತ್ತದೆ, ಸಿಮೆಂಟು ಕೆಳಸಾಲನ್ನು ನುಂಗುತ್ತದೆ. ನೂರು ವರ್ಷ ದಾಟಿದ ಶಿಲ್ಪ 1972ರ ಕಾಯ್ದೆಯಂತೆ ಪುರಾವಸ್ತು. ಅದನ್ನು ಪರವಾನಗಿಯಿಲ್ಲದೆ ಮಾರುವುದು, ಹೊರದೇಶಕ್ಕೆ ಸಾಗಿಸುವುದು ಅಪರಾಧ. ಉಳಿಸಿಕೊಳ್ಳಲು ಬೇರೆ ದಾರಿಯೇ ಇಲ್ಲದ ಕಲ್ಲುಗಳಿಗೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯವಿದೆ. ಮಿಕ್ಕವು ಇದ್ದಲ್ಲೇ ಇರಲಿ. ಕೆರೆ ಏರಿಯ ಕಲ್ಲು ಏರಿಯ ಮೇಲಿದ್ದರೆ ಮಾತ್ರ ಅದು ಯಾವ ಕೆರೆಯ, ಯಾವ ಗದ್ದೆಯ ಮಾತು ಹೇಳುತ್ತಿದೆ ಎಂದು ತಿಳಿಯುತ್ತದೆ.

ನಿಮ್ಮೂರಿನ ಕಲ್ಲು ಆಗಲೇ ಓದಲ್ಪಟ್ಟಿದೆಯೇ ನೋಡಬೇಕಾದರೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟದಲ್ಲಿ ತಾಲೂಕಿನ ಭಾಗ ತೆರೆದು ಊರಿನ ಹೆಸರು ಹುಡುಕಿ. ಊರಿನ ಹೆಸರಿನ ಜತೆ ‘ಕೆರೆ ಏರಿಯ ಮೇಲಿನ ಕಲ್ಲು’, ‘ಗುಡಿಯ ಬಳಿಯ ವೀರಗಲ್ಲು’ ಎಂಬಂತೆ ಜಾಗ ಕೊಟ್ಟಿರುತ್ತಾರೆ. ಪುಸ್ತಕದಲ್ಲಿ ಇಲ್ಲದ ಕಲ್ಲು ಸಿಕ್ಕರೆ ಒಂದು ಹಾಳೆಯಲ್ಲಿ ಊರು, ನಿಂತ ಜಾಗ, ಮುಖ ಮಾಡಿದ ದಿಕ್ಕು, ಎತ್ತರ, ಅಗಲ, ಅಂಕಣಗಳೆಷ್ಟು, ಅಕ್ಷರದ ಸಾಲುಗಳೆಷ್ಟು ಎಂದು ಬರೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಫೋಟೊಗಳೊಂದಿಗೆ ರಾಜ್ಯದ ಪುರಾತತ್ವ ಇಲಾಖೆಗೆ ಕಳಿಸಿ. ಒಂದು ಪ್ರತಿ ಊರಿನ ಶಾಲೆಯಲ್ಲೂ ಇರಲಿ.